ಕ್ಲೀನರ್ ಸೈಡಿನ ಮಡ್‌ಗಾರ್ಡು

ಯಾರೋ ಬಾಗಿಲು ತಟ್ಟಿದರು.

ಕಾಂತರಾಜ್ ಎಚ್ಚರವಾಗಿಯೇ ಇದ್ದ, ಆದರೂ ಏಳಲಿಲ್ಲ. ವಿನೋಬನಗರದ ಆ ಬೀದಿಯಲ್ಲಿ ಹೊತ್ತಲ್ಲದ ಹೊತ್ತಿಗೆ ಬಾಗಿಲು ಬಡಿಯುವವರು ಒಂದೋ ಸಾವಿನ ಸುದ್ದಿ ತಂದವರು, ಇಲ್ಲವೇ ಮನೆ ತಪ್ಪಿದವರು. ಮತ್ತೊಮ್ಮೆ ತಟ್ಟಿದರು. ಈ ಸಲದ ಸದ್ದಿನಲ್ಲಿ ಅವಸರವಿರಲಿಲ್ಲ. ಒಳಗಿರುವವನಿಗೆ ನಿದ್ದೆ ಬಂದಿರಲಾರದು ಎಂದು ತಿಳಿದೇ ತಟ್ಟಿದಂತಿತ್ತು.

ದೀಪ ಹಾಕಿ ಚಿಲಕ ತೆಗೆದ. ಯಾರೂ ಇರಲಿಲ್ಲ. ಬೀದಿಯ ತಿರುವಿನಲ್ಲಿ ಗೂಡ್ಸ್ ಆಟೋ ಒಂದು ಸ್ಟಾರ್ಟ್ ಆಗಿ ದೂರವಾಯಿತು. ಬಾಗಿಲ ಪಕ್ಕದ ಗೋಡೆಗೆ, ರಂಗೋಲಿಯ ಒಂದು ಎಳೆಯೂ ಅಳಿಸದಂತೆ ಎಚ್ಚರ ವಹಿಸಿ, ಲಾರಿಯ ಮಡ್‌ಗಾರ್ಡೊಂದನ್ನು ಒರಗಿಸಿಟ್ಟಿದ್ದರು. ಅದಕ್ಕೆ ಮೆತ್ತಿದ್ದ ಕೆಸರು ಇನ್ನೂ ಪೂರ್ತಿ ಒಣಗಿರಲಿಲ್ಲ.

ಕಾಂತರಾಜನಿಗೆ ಮೊದಲು ಬಂದದ್ದು ಭಯವಲ್ಲ, ನಾಚಿಕೆ. ನೆರೆಯವರು ಯಾರಾದರೂ ನೋಡಿಯಾರೆಂದು ಅದನ್ನು ಅವಸರವಾಗಿ ಒಳಗೆಳೆದುಕೊಂಡು ಬಾಗಿಲು ಹಾಕಿದ.

ಅದು ಅವನೇ ಮಾಡಿದ ಮಡ್‌ಗಾರ್ಡು.

ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಅವನದೊಂದು ಶೆಡ್ಡು. ಲಾರಿಗಳಿಗೆ ಬಾಡಿ ಕಟ್ಟುವುದು, ಗುದ್ದಿಸಿಕೊಂಡ ಬಾಗಿಲು ನೇರ ಮಾಡುವುದು ಅಲ್ಲಿನ ನಿತ್ಯದ ಕೆಲಸ. ಆದರೆ ಕೆಲವು ಕಾಲದಿಂದ ಅವನ ತಲೆಯೊಳಗೆ ಬೇರೊಂದು ಹುಳು ಹೊಕ್ಕಿತ್ತು. ಲಾರಿಯ ಹಿಂದಿನ ಟೈರುಗಳು ಉರುಳುವಾಗ ಗಾಳಿಯನ್ನೂ ತಮ್ಮೊಂದಿಗೆ ಸುತ್ತಿಸುತ್ತವೆ. ಮಡ್‌ಗಾರ್ಡಿನ ಕಮಾನಿನೊಳಗೆ ಸಿಕ್ಕಿಕೊಂಡ ಆ ಗಾಳಿಗೆ ಹೊರಹೋಗಲು ದಾರಿಯಿಲ್ಲ. ಅದು ಅಲ್ಲೇ ಸುಳಿಯಾಗಿ ಲಾರಿಯನ್ನು ಹಿಂದಕ್ಕೆ ಜಗ್ಗುತ್ತದೆ. ಜಗ್ಗಿದಷ್ಟೂ ಡೀಸೆಲ್ ಸುಡುತ್ತದೆ. ಕಾಂತರಾಜ್ ಕಮಾನಿನ ನೆತ್ತಿಯಲ್ಲಿ ಮೀನಿನ ಕಿವಿರುಗಳಂಥ ಸೀಳುಗಳನ್ನು ತೆರೆದು, ಪ್ರತಿ ಸೀಳಿಗೂ ಬಾಗಿದ ರೆಕ್ಕೆಯೊಂದನ್ನು ಕೂಡಿಸಿದ. ಗಾಳಿಯೂ ಕೆಸರು ನೀರೂ ಆ ರೆಕ್ಕೆಗಳ ಮೇಲೆ ಜಾರಿ, ಒಳಮುಖವಾಗಿ, ಲಾರಿಯ ಹೊಟ್ಟೆಯಡಿಗೆ ಹೋಗಿಬಿಡಬೇಕು. “ಗಾಳಿಗೂ ಒಂದು ಹಿತ್ಲು ಬಾಗ್ಲು ಬೇಕು ಮಾರಾಯ” ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

ಒಂದೇ ಒಂದು ಸೂಕ್ಷ್ಮವಿತ್ತು. ಎರಡು ಮಡ್‌ಗಾರ್ಡುಗಳು ಚಪ್ಪಲಿಯ ಜೋಡಿಯಿದ್ದಂತೆ. ಬಲಗಡೆಯ ಡ್ರೈವರ್ ಸೈಡಿನದು ಬೇರೆ, ಎಡಗಡೆಯ ಕ್ಲೀನರ್ ಸೈಡಿನದು ಬೇರೆ. ಅದಲುಬದಲಾದರೂ ಬೋಲ್ಟಿನ ತೂತುಗಳು ಸರಿಯಾಗಿಯೇ ಕೂಡುತ್ತಿದ್ದವು. ರೆಕ್ಕೆಗಳು ಮಾತ್ರ ಒಳಗೆ ನೋಡುವ ಬದಲು ರಸ್ತೆಗೆ ಮುಖ ಮಾಡುತ್ತಿದ್ದವು.

ಹಾಗೆಯೇ ಆಗಿತ್ತು.

ಆಯುಧಪೂಜೆ ಮುಗಿದ ಮೇಲೆ, ಭದ್ರಾವತಿಯ ಗಂಗಾಧರಪ್ಪನವರ ಲಾರಿಯೊಂದಕ್ಕೆ ಪ್ರಯೋಗಕ್ಕೆಂದು ಆ ಜೋಡಿಯನ್ನು ಹಾಕಿ ಕಳಿಸಿದ್ದರು. ಮಳೆ ಹೊಯ್ದು ನಿಂತಿದ್ದ ಭದ್ರಾವತಿ ರಸ್ತೆಯಲ್ಲಿ ಲಾರಿ ಒಂದು ಮೊಪೆಡ್ಡನ್ನು ಹಿಂದಿಕ್ಕಿತು. ಕ್ಲೀನರ್ ಸೈಡಿನ ರೆಕ್ಕೆಗಳು ಹೊಂಡದ ಕೆಸರನ್ನೆಲ್ಲ ಪಿಚಕಾರಿಯಂತೆ ಹೊರಕ್ಕೆ ಚಿಮ್ಮಿಸಿದವು. ಮೊಪೆಡ್ಡಿನಲ್ಲಿದ್ದ ಪುಟ್ಟಯ್ಯ ಕಣ್ಣು ಕಾಣದೆ ರಸ್ತೆಯಂಚಿಗೆ ಉರುಳಿ ಮುಂಗೈ ಮುರಿದುಕೊಂಡರು.

ಸುದ್ದಿ ತಿಳಿದು ಕಾಂತರಾಜ್ ಗಂಗಾಧರಪ್ಪನವರ ಲಾರಿ ಅಂಗಳಕ್ಕೆ ಓಡಿದ್ದ, ಮಡ್‌ಗಾರ್ಡು ಹಾಕಿದ ಫಿಟ್ಟರ್ ರೂಪೇಶನನ್ನೂ ಕರೆದುಕೊಂಡು. ರೆಕ್ಕೆಗಳು ಹೊರಗೆ ನೋಡುತ್ತಿರುವುದನ್ನು ಕಂಡೊಡನೆ ಅವನಿಗೆ ಪಿತ್ತ ನೆತ್ತಿಗೇರಿತು. ಡ್ರೈವರುಗಳು, ಹಮಾಲರು, ಟೀ ತಂದವನು ಎಲ್ಲರೂ ನೋಡುತ್ತಿದ್ದಂತೆ ರೂಪೇಶನ ಕಾಲರು ಹಿಡಿದ.

“ಊಟ ಮಾಡೋ ಕೈ ಯಾವ್ದು, ತೊಳ್ಕೊಳೋ ಕೈ ಯಾವ್ದು ಅಂತ ನಿಮ್ಮವ್ವ ಹೇಳ್ಕೊಟ್ಟಿಲ್ವೇನೋ?”

ಅಂಗಳ ಗೊಳ್ಳೆಂದಿತು.

“ಅಣ್ಣ, ಬರ್ದಿದ್ ಹಂಗೇ ಹಾಕಿದೀನಿ” ಎಂದಿದ್ದ ರೂಪೇಶ.

“ಬರ್ದಿದ್ದು ನಾನು ಕಣೋ! ಚಾಕ್‌ಪೀಸ್ ಹಿಡ್ಕೊಂಡು ನನ್ ಕೈಯಾರೆ ಬರ್ದಿದ್ದು. ನಂಗೇ ಹೇಳಕ್ ಬರ್ತೀಯಾ?”

ರೂಪೇಶ ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಿದ್ದ. ಆ ಮೌನವೇ ತಪ್ಪೊಪ್ಪಿಗೆ ಎಂದು ಎಲ್ಲರೂ ತಿಳಿದರು. ಗಂಗಾಧರಪ್ಪನವರು ಮಾತ್ರ ನಗದೆ, ಮೆಲ್ಲಗೆ ಹೇಳಿದ್ದರು: “ಕಾಂತರಾಜು, ಬೆಳಿಗ್ಗೆ ಬಾ. ಆ ಪುಟ್ಟಯ್ಯನನ್ನೂ ಕರೆಸ್ತೀನಿ. ತಪ್ಪು ಮಡ್‌ಗಾರ್ಡಿಂದೋ ಮನುಷ್ಯಂದೋ ಇತ್ಯರ್ಥ ಆಗ್ಲಿ. ಮಡ್‌ಗಾರ್ಡಿಂದಾದ್ರೆ ಅದು ನಮಗ್ ಬೇಡ. ಮನುಷ್ಯಂದಾದ್ರೆ ಅವ್ನು ಇನ್ಮೇಲೆ ನಮ್ ಗಾಡಿ ಮುಟ್ಟಬಾರ್ದು, ಯಾರೇ ಆಗಿರ್ಲಿ.”

ಗಂಗಾಧರಪ್ಪನವರ ಗಾಡಿ ಮುಟ್ಟಬಾರದವನಿಗೆ ಮಾಚೇನಹಳ್ಳಿಯ ಯಾವ ಶೆಡ್ಡಿನಲ್ಲೂ ಕೆಲಸ ಹುಟ್ಟುವುದಿಲ್ಲ. ಅದು ರೂಪೇಶನಿಗೆ ಗೊತ್ತಿತ್ತು, ಕಾಂತರಾಜನಿಗೂ ಗೊತ್ತಿತ್ತು.

ಈಗ, ಕ್ಲೀನರ್ ಸೈಡಿನಿಂದ ಯಾರೋ ಬಿಚ್ಚಿ ತಂದ ಆ ಮಡ್‌ಗಾರ್ಡು ಅವನ ನಡುಮನೆಯಲ್ಲಿ ಕೆಸರು ಉದುರಿಸುತ್ತ ಮಲಗಿತ್ತು. ರೆಕ್ಕೆಗಳ ಬಾಗನ್ನು ಬೆರಳಿನಿಂದ ಸವರಿದ. ಅನುಮಾನವೇ ಇಲ್ಲ, ಇದು ಡ್ರೈವರ್ ಸೈಡಿನದು. ಒಳಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿದ. ತನ್ನ ಚಾಕ್‌ಪೀಸಿನ ಗುರುತು ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಕಪ್ಪು ಮಾರ್ಕರಿನಲ್ಲಿ ಬರೆದ ಒಂದು ಪದವಿತ್ತು. ಅಳಿಸದಿರಲೆಂದು ಅದರ ಮೇಲೆ ಪಾರದರ್ಶಕ ಟೇಪು ಅಂಟಿಸಿದ್ದರು.

‘ಕ್ಲೀನರ್.’

ಹಾಗಾದರೆ ರೂಪೇಶ ಬರೆದಿದ್ದ ಹಾಗೆಯೇ ಹಾಕಿದ್ದ!

ಯಾರ ಕೈಬರಹ ಇದು? ‘ಕ್ಲೀ’ಯ ಒತ್ತು ಉದ್ದವಾಗಿ ಇಳಿದು ಬಳ್ಳಿಯ ಕುಡಿಯಂತೆ ಸುರುಳಿಗೊಂಡಿತ್ತು. ಎಲ್ಲಿಯೋ ದಿನವೂ ಕಾಣುವ ಅಕ್ಷರ. ನೆನಪಾಗಲಿಲ್ಲ. ನೀರು ಕುಡಿಯಲು ಅಡುಗೆಮನೆಗೆ ಹೋಗಿ ದೀಪ ಹಾಕಿದ. ಗೋಡೆಯ ಕಪಾಟಿನಲ್ಲಿ ಡಬ್ಬಿಗಳು ಸಾಲಾಗಿ ನಿಂತಿದ್ದವು: ಮೆಂತ್ಯ, ಸಾಸಿವೆ, ಚಕ್ಕೆ ಲವಂಗ. ಕಪ್ಪು ಮಾರ್ಕರು. ಮೇಲೆ ಪಾರದರ್ಶಕ ಟೇಪು. ‘ಮೆಂತ್ಯ’ದ ಯಕಾರದ ಒತ್ತು ಉದ್ದವಾಗಿ ಇಳಿದು, ಬಳ್ಳಿಯ ಕುಡಿಯಂತೆ ಸುರುಳಿಗೊಂಡಿತ್ತು.

ಲೋಟ ಹಾಗೆಯೇ ಕೈಯಲ್ಲಿ ಉಳಿಯಿತು. ಒಳಗೆ ಅವನ ಹೆಂಡತಿ ಶೀಲಾ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಸದ್ದು ಕೇಳಿತು.

ಬೆಳಿಗ್ಗೆ ಶೀಲಾ ಎದ್ದು ಬಂದು, ನಡುಮನೆಯಲ್ಲಿ ಮಲಗಿದ್ದ ಮಡ್‌ಗಾರ್ಡನ್ನೂ ಅದರ ಪಕ್ಕ ಕುಳಿತಿದ್ದ ಗಂಡನನ್ನೂ ನೋಡಿದಳು. ಕೇಳುವ ಮೊದಲೇ ಅವಳಿಗೆ ಉತ್ತರ ಸಿದ್ಧವಾಗಿದ್ದಂತೆ ಕಂಡಿತು.

“ನಾನೇ ಬರ್ದಿದ್ದು ರೀ. ಪೂಜೆಗೆ ಅಂತ ಒದ್ದೆಬಟ್ಟೇಲಿ ಒರೆಸ್ದೆ. ನಿಮ್ ಚಾಕ್‌ಪೀಸ್ ಎಲ್ಲಾ ಅಳಿಸ್ಹೋಯ್ತು. ಧೂಳ್ ಮೆತ್ತಿರೋದಕ್ಕೆ ಕುಂಕುಮ ಹಚ್ಚಕ್ಕಾಗತ್ತಾ? ಅದಕ್ಕೆ ಮಾರ್ಕರಲ್ಲಿ ಮತ್ತೆ ಬರ್ದೆ.”

“ಡ್ರೈವರ್ ಸೈಡಿಂದು ಯಾವ್ದು ಅಂತ ನಿಂಗ್ ಹೆಂಗ್ ಗೊತ್ತಾಯ್ತು?”

ಶೀಲಾ ಒಲೆಯ ಕಡೆ ತಿರುಗಿಕೊಂಡಳು. “ಗೊತ್ತು ಅಂದ್ಕೊಂಡೆ. ತಪ್ಪಾಯ್ತು.”

“ನಿನ್ನೆ ರಾತ್ರಿ ನಾನ್ ರೂಪೇಶನ್ನ ಅಷ್ಟೆಲ್ಲ ಬೈದು ಬಂದೆ ಅಂತ ಹೇಳಿದಾಗಾದ್ರೂ ಬಾಯಿಬಿಡ್ಬಾರ್ದಿತ್ತಾ?”

“ಈಗ ಬಿಟ್ಟಿದೀನಲ್ಲ. ನನ್ ಹೆಸ್ರೇ ಹೇಳಿ. ನಾನೂ ಬರ್ತೀನಿ. ಹೆಂಗ್ಸು, ಏನೋ ಗೊತ್ತಾಗಿಲ್ಲ ಅಂತ ಎರಡ್ ದಿನ ನಕ್ಕು ಸುಮ್ನಾಗ್ತಾರೆ. ನಾನೇನು ಗಂಗಾಧರಪ್ಪೋರ ಗಾಡಿ ಮುಟ್ಬೇಕಾ?”

ಕಾಂತರಾಜನ ಎದೆಯಿಂದ ಭಾರವೊಂದು ಇಳಿಯಿತು. ಮಡ್‌ಗಾರ್ಡು ಉಳಿಯಿತು, ರೂಪೇಶನೂ ಉಳಿದ, ಶೆಡ್ಡಿನ ಹೆಸರೂ ಉಳಿಯಿತು. ಹಗುರಾಗಿ ಉಸಿರುಬಿಟ್ಟವನಿಗೆ ಆ ಉಸಿರಿನ ಸದ್ದು ಹೆಂಡತಿಗೆ ಕೇಳಿಸಿತೆಂದು ಅರಿವಾಗಿ ಮುಖ ಬಿಸಿಯಾಯಿತು. ಅವಳು ಮಾತ್ರ ಕೇಳಿಸದವಳಂತೆ ದೋಸೆ ಮಗುಚಿದಳು.

ಭದ್ರಾವತಿ ತಲುಪಿ ಅವರು ಮೊದಲು ಹೋದದ್ದು ರೂಪೇಶನ ಮನೆಗೆ. ಬಾಗಿಲಲ್ಲಿ ಅವನ ತಾಯಿ ಯಲ್ಲಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಎದ್ದೇಳಲಿಲ್ಲ.

“ಏನ್ ಸ್ವಾಮಿ, ಎಡ ಬಲ ಗೊತ್ತಿಲ್ದೋರ ಮನೆಗೆ ದಾರಿ ತಪ್ಪಿ ಬಂದ್ರಾ?”

“ಯಲ್ಲಮ್ಮ…”

“ಊಟ ಮಾಡೋ ಕೈ ಯಾವ್ದು ಅಂತ ನಾನು ಅವ್ನಿಗೆ ಹೇಳ್ಕೊಟ್ಟಿದೀನಿ. ನಿನ್ನೆ ರಾತ್ರಿ ಆ ಕೈ ಅನ್ನಾನೇ ಮುಟ್ಲಿಲ್ಲ. ಅದೂ ಗೊತ್ತಿರ್ಲಿ ನಿಮ್ಗೆ.” ಆಮೇಲೆ ಶೀಲಾಳನ್ನು ನೋಡಿ ದನಿ ಇಳಿಸಿದಳು. “ನೀನ್ ಬಾರವ್ವ ಒಳಗೆ. ನಿನ್ ಮೇಲೇನೂ ಇಲ್ಲ ನಂಗೆ.”

ಶೀಲಾ ಒಳಗೆ ಹೋಗಲಿಲ್ಲ. ರೂಪೇಶ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಹೊರಬಂದ. ಟೇಪಿನ ಕೆಳಗಿನ ಬರಹವನ್ನು ನಿನ್ನೆಯೇ ಏಕೆ ತೋರಿಸಲಿಲ್ಲವೆಂದು ಕಾಂತರಾಜ್ ಕೇಳಿದ.

“ಅಕ್ಕ ಪ್ರತಿ ವರ್ಷ ಉಪ್ಪಿನಕಾಯಿ ಕಳಿಸ್ತಾರಲ್ಲಣ್ಣ, ಆ ಡಬ್ಬಿ ಮೇಲೂ ಇದೇ ಅಕ್ಷರ” ಎಂದ ರೂಪೇಶ, ಎಲ್ಲೋ ನೋಡುತ್ತ. “ಅಷ್ಟ್ ಗಂಡಸ್ರ ಮುಂದೆ ಅಕ್ಕನ್ ಹೆಸ್ರು ಹೆಂಗ್ ಎತ್ಲಿ? ಬೈಸ್ಕೊಂಡಿದ್ ಬೈಸ್ಕೊಂಡಾಗಿತ್ತು.”

“ರಾತ್ರಿ ಬಾಗ್ಲು ತಟ್ಟಿದ್ದು ನೀನಾ?”

“ಯಾವ ಬಾಗ್ಲು?”

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಹಾಗಾದರೆ ಬಂದವರು ಯಾರು? ಏನನ್ನು ತಿಳಿದು ಬಂದರು? ದಾರಿಯುದ್ದಕ್ಕೂ ಕಾಂತರಾಜನನ್ನು ಈ ಪ್ರಶ್ನೆ ಕೊರೆಯಿತು. ಹೆಂಡತಿಯ ಬರಹವನ್ನು ಗಂಡನಿಗೆ ತೋರಿಸುವುದಷ್ಟೇ ಉದ್ದೇಶವಾಗಿದ್ದರೆ ಹಗಲಲ್ಲೇ ತೋರಿಸಬಹುದಿತ್ತು. ಯಾರೂ ಕಾಣದ ಹೊತ್ತಿನಲ್ಲಿ, ಅವನೊಬ್ಬನಿಗೇ ಏಕೆ?

ಲಾರಿ ಅಂಗಳದಲ್ಲಿ ಗಂಗಾಧರಪ್ಪನವರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದರು. ಎದುರಿಗೆ ಇನ್ನೊಂದು ಕುರ್ಚಿಯಲ್ಲಿ ಪುಟ್ಟಯ್ಯ. ಬಲಗೈಗೆ ಪ್ಲಾಸ್ಟರು, ಕುತ್ತಿಗೆಗೆ ಜೋಳಿಗೆ. ನಿನ್ನೆ ನಕ್ಕಿದ್ದವರೆಲ್ಲ ಇಂದೂ ನೆರೆದಿದ್ದರು. ಲಾರಿಯ ಡ್ರೈವರ್ ಚೌಡಯ್ಯ ಮಾತ್ರ ದೂರದಲ್ಲಿ, ತನ್ನ ಗಾಡಿಯ ಬಂಪರಿಗೆ ಒರಗಿ ನಿಂತಿದ್ದ. ಕಾಂತರಾಜ್ ತಾನು ತಂದ ಗೂಡ್ಸ್ ಗಾಡಿಯಿಂದ ಮಡ್‌ಗಾರ್ಡು ಇಳಿಸಿದಾಗ ಚೌಡಯ್ಯನ ದೃಷ್ಟಿ ಅದರ ಮೇಲೆ ಬಿದ್ದು, ಕೂಡಲೇ ಬೇರೆಡೆಗೆ ಹೊರಳಿತು.

ಕಾಂತರಾಜ್ ಅದನ್ನು ಗಮನಿಸಿದ.

“ಆಸ್ಪತ್ರೆ ಖರ್ಚು ಎಷ್ಟಾಗತ್ತೋ ನೋಡ್ಕೊಳ್ತೀವಿ ಪುಟ್ಟಯ್ಯನೋರೆ…” ಎಂದು ಆರಂಭಿಸಿದ.

“ಅದಲ್ಲ ಸ್ವಾಮಿ ನಂಗ್ ಬೇಕಾಗಿರೋದು.” ಪುಟ್ಟಯ್ಯ ಎಡಗೈಯೆತ್ತಿ ತಡೆದರು. “ಆಸ್ಪತ್ರೇಲಿ ಎಲ್ರೂ ಕೇಳ್ತಾರೆ, ಯಾರ್ ಬೀಳ್ಸಿದ್ದು ಅಂತ. ಮಡ್‌ಗಾರ್ಡು ಅಂದೆ. ನರ್ಸಮ್ಮ ಬಿದ್ ಬಿದ್ ನಕ್ರು. ಮನೇಲಿ ಮೊಮ್ಮಗಳೂ ನಗ್ತಾಳೆ, ತಾತನ್ನ ತಗಡು ಬೀಳ್ಸ್ತು ಅಂತ. ಊಟ ಮಾಡೋ ಕೈಯೇ ಹೋಯ್ತು, ಎಡಗೈಲಿ ತಿನ್ನಕ್ಕೆ ನಾಚ್ಕೆ, ಸೊಸೆ ತುತ್ತು ಇಡ್ತಾಳೆ. ನಂಗೊಂದು ಮನುಷ್ಯನ್ ಹೆಸ್ರು ಬೇಕು. ಅಷ್ಟೆ. ಇಂಥೋನು ಅಂತ ಹೇಳ್ಕೊಳಕ್ಕೆ.”

ಯಾರೂ ನಗಲಿಲ್ಲ.

ಶೀಲಾ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು. “ರೂಪೇಶಂದು ಏನೂ ತಪ್ಪಿಲ್ಲ. ಅವ್ನು ಬರ್ದಿದ್ ನೋಡ್ಕೊಂಡ್ ಹಾಕ್ದ. ಬರ್ದಿದ್ದು ನಾನು. ಶೀಲಾ ಅಂತ ನನ್ ಹೆಸ್ರು.”

ಹಮಾಲರ ನಡುವೆ ಪಿಸುಮಾತು ಎದ್ದಿತು. ರೂಪೇಶ ತಲೆಯೆತ್ತಿ, ಮತ್ತೆ ತಗ್ಗಿಸಿದ. ಕಾಂತರಾಜ್ ಹೆಂಡತಿಯ ಬೆನ್ನನ್ನು ನೋಡುತ್ತ ನಿಂತಿದ್ದ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ತನ್ನ ಕಾಲ ಕೆಳಗಿನ ನೆಲ ಗಟ್ಟಿಯಾಗಿಲ್ಲವೆಂದು ಅವನಿಗೆ ಅನ್ನಿಸುತ್ತಲೇ ಇತ್ತು.

“ನೀವಾ ತಾಯಿ?” ಪುಟ್ಟಯ್ಯನಿಗೆ ನಂಬಿಕೆ ಬರಲಿಲ್ಲ. “ಲಾರಿ ಸಾಮಾನಿಗೆ ಹೆಸ್ರು ಬರೆಯೋವಾಗ ಯಾರನ್ನಾದ್ರೂ ಒಂದ್ ಮಾತು ಕೇಳ್ಬಾರ್ದಿತ್ತಾ?”

ಶೀಲಾ ಗಂಡನ ಕಡೆ ತಿರುಗದೆ ಮಡ್‌ಗಾರ್ಡನ್ನೇ ನೋಡಿದಳು.

ಬಂಪರಿನ ಬಳಿಯಿಂದ ಚೌಡಯ್ಯ ನಿಧಾನವಾಗಿ ನಡೆದು ಬಂದ. ಜೇಬಿನಿಂದ ಫೋನು ತೆಗೆದ.

“ಆಯಮ್ಮ ಕೇಳವ್ರೆ” ಎಂದ. “ನನ್ ಗಾಡಿ ಪೂಜೆ ಅಲ್ವಾ, ಮಗಳಿಗೆ ಕಳ್ಸಣ ಅಂತ ವಿಡಿಯೋ ಮಾಡ್ಕೊಂಡಿದ್ದೆ. ನಿನ್ನೆ ಸಂಜೆ ಸುಮ್ನೆ ನೋಡ್ತಾ ಇದ್ದೆ. ಆವಾಗ್ ಕಾಣ್ತು.”

ಗಂಗಾಧರಪ್ಪನವರ ಕುರ್ಚಿಯ ಸುತ್ತ ತಲೆಗಳು ಸೇರಿದವು. ಪುಟ್ಟ ಪರದೆಯಲ್ಲಿ ಮಾಚೇನಹಳ್ಳಿಯ ಶೆಡ್ಡು ಕಂಡಿತು. ಬಾಳೆಕಂದು, ಚೆಂಡುಹೂವಿನ ಹಾರ ತೊಟ್ಟ ಲಾರಿ ದೇವರಂತೆ ಎದುರಿಗೆ ಮುಖಮಾಡಿ ನಿಂತಿತ್ತು. ಬಂಪರಿನ ಎರಡು ತುದಿಗೆ, ಅದರದರ ಕಡೆಗೆ ಸರಿಯಾಗಿ, ಎರಡು ಹೊಸ ಮಡ್‌ಗಾರ್ಡುಗಳನ್ನು ಒರಗಿಸಿದ್ದರು. ಲಾರಿಗೆ ಎದುರಾಗಿ, ಫೋನಿಗೆ ಬೆನ್ನು ಹಾಕಿ, ಒಬ್ಬಾತ ಮಂಗಳಾರತಿ ಎತ್ತುತ್ತಿದ್ದ. ಮುಖ ಕಾಣುತ್ತಿರಲಿಲ್ಲ. ಹೆಗಲ ಮೇಲೆ ಹಳದಿ ಶಲ್ಯವಿತ್ತು. ಆದರೆ ಆ ದಿನ ಪೂಜೆಗೆ ಬಂದ ಗಂಡಸರಿಗೆಲ್ಲ ಅಂಥದೇ ಶಲ್ಯ ಹೊದಿಸಿದ್ದರು, ಒಬ್ಬರಾದ ಮೇಲೊಬ್ಬರು ಎಲ್ಲರೂ ಆರತಿ ಎತ್ತಿದ್ದರು.

ಪರದೆಯ ಅಂಚಿನಲ್ಲಿ ಶೀಲಾ, ಮಾರ್ಕರು ಹಿಡಿದು ಬಗ್ಗಿದ್ದಳು. ಏನೋ ಕೂಗಿದಳು. ಅದೇ ಕ್ಷಣಕ್ಕೆ ಯಾರೋ ಲಾರಿಯ ಹಾರ್ನ್ ಒತ್ತಿ ಹಿಡಿದರು, ಜಾಗಟೆಯೂ ಸೇರಿತು. ಮಾತಿನ ತುದಿ ಮಾತ್ರ ಉಳಿಯಿತು: “…ಡ್ರೈವರ್ದು ಯಾವ್ದು?”

ಆರತಿಯವನು ಬಾಯಿಬಿಡಲಿಲ್ಲ, ಆರತಿ ಎತ್ತುವಾಗ ಮಾತಾಡಬಾರದು. ತಿರುಗಿಯೂ ನೋಡಲಿಲ್ಲ. ತಟ್ಟೆ ಹಿಡಿದ ಬಲಗೈಯನ್ನು ಬಲಕ್ಕೆ ಚಾಚಿ, ಒಮ್ಮೆ ಆಡಿಸಿದ. ಡ್ರೈವರು ಕೂರುವುದು ಬಲಗಡೆ; ಊಟ ಮಾಡುವ ಕೈಯ ಕಡೆ. ಆದರೆ ಎದುರಿಗೆ ಮುಖಮಾಡಿ ನಿಂತ ಲಾರಿಗೆ ಅವನ ಬಲವೆಂದರೆ ಎಡಗಡೆ, ಕ್ಲೀನರ್ ಸೈಡು. ಶೀಲಾ ಅವನು ತೋರಿದ ಮಡ್‌ಗಾರ್ಡಿನ ಬಳಿ ಹೋಗಿ ‘ಡ್ರೈವರ್’ ಎಂದೂ, ಇನ್ನೊಂದರ ಮೇಲೆ ‘ಕ್ಲೀನರ್’ ಎಂದೂ ಬರೆದಳು.

ಚೌಡಯ್ಯ ವಿಡಿಯೋ ನಿಲ್ಲಿಸಿದ.

“ಇನ್ನೊಂದ್ಸಲ ಹಾಕು” ಎಂದರು ಗಂಗಾಧರಪ್ಪ.

ಎರಡನೆಯ ಸಲ ಕಾಂತರಾಜ್ ಪರದೆಯನ್ನು ನೋಡಲಿಲ್ಲ, ಕೇಳಿದ. ಹಾರ್ನ್ ಮೊಳಗುವ ಮೊದಲಿನ ಎಳೆಯಷ್ಟು ಬಿಡುವಿನಲ್ಲಿ ಶೀಲಾಳ ದನಿ ಒಂದೇ ಒಂದು ಅಕ್ಷರ ಉಚ್ಚರಿಸಿತ್ತು. ಬೇರೆ ಯಾರ ಕಿವಿಗೂ ಅದು ಜಾಗಟೆಯ ಸದ್ದಿನ ಒಂದು ಚೂರಷ್ಟೆ. ಆ ಅಕ್ಷರವನ್ನು ಶೀಲಾ ಲೋಕದಲ್ಲಿ ಒಬ್ಬನೇ ಮನುಷ್ಯನಿಗೆ ಮೀಸಲಿಟ್ಟಿದ್ದಳು.

‘ರೀ.’

ಅವನಿಗೆ ಎಲ್ಲವೂ ತಿಳಿಯಿತು. ಅವಳು ಬೆಳಿಗ್ಗೆ ಒಲೆಯ ಕಡೆ ತಿರುಗಿಕೊಂಡದ್ದು ಏಕೆಂದು ತಿಳಿಯಿತು. ಬಾಗಿಲು ತಟ್ಟಿದವನು ಯಾರು, ರಂಗೋಲಿ ತುಳಿಯದೆ ಹೋದದ್ದು ಏಕೆ ಎಂದೂ ತಿಳಿಯಿತು. ಚೌಡಯ್ಯ ಹತ್ತಿರದಲ್ಲೇ ನಿಂತಿದ್ದ. ಕಾಂತರಾಜನಿಗೆ ಮಾತ್ರ ಕೇಳುವಂತೆ ಗೊಣಗಿದ:

“ನೀವೇ ನೋಡ್ಕೊಂಡು ನೀವೇ ಬಂದ್ ಹೇಳ್ತೀರ ಅಂತ ಇಟ್ಬಂದಿದ್ದೆ ಕಾಂತಣ್ಣ. ಆಯಮ್ಮನ್ನ ಮುಂದ್ ಬಿಟ್ಟು ನಿಂತ್ಕೊತೀರ ಅಂದ್ಕೊಂಡಿರ್ಲಿಲ್ಲ.”

ನಿನ್ನೆ ಇದೇ ಅಂಗಳದಲ್ಲಿ, ಇದೇ ಜನರ ಮುಂದೆ ತಾನು ಆಡಿದ ಮಾತು ಅವನ ಕಿವಿಯಲ್ಲಿ ಮತ್ತೆ ಮೊಳಗಿತು. ನಗೆಯೂ ಮೊಳಗಿತು. ರೂಪೇಶನ ಕಾಲರಿನ ಮಡಿಕೆ ಇನ್ನೂ ತನ್ನ ಮುಷ್ಟಿಯಲ್ಲಿದೆಯೇನೋ ಎಂಬಂತೆ ಬಲಗೈ ಬೆವರಿತು.

“ಶಲ್ಯ ಬಿಟ್ರೆ ಏನೂ ಕಾಣಲ್ಲ” ಎಂದರು ಗಂಗಾಧರಪ್ಪ, ಕನ್ನಡಕ ತೆಗೆಯುತ್ತ. “ಯಾರೂ ಆಗಿರ್ಬೋದು. ನೀನೂ ಅಲ್ಲೇ ಇದ್ಯಲ್ಲ ಚೌಡಯ್ಯ, ಯಾರದು?”

“ನಾನು ಫೋನ್ ನೋಡ್ತಿದ್ದೆ ಯಜಮಾನ್ರೆ” ಎಂದ ಚೌಡಯ್ಯ.

“ಏನಮ್ಮ, ನಿಂಗೆ ನೆನಪಿದ್ಯಾ?”

“ಗದ್ದಲ ಇತ್ತು” ಎಂದಳು ಶೀಲಾ. “ಯಾರು ಅಂತ ನೋಡ್ಲಿಲ್ಲ.”

“ರೂಪೇಶ?”

ರೂಪೇಶ ನೆಲ ನೋಡುತ್ತ, ಇಲ್ಲವೆಂದು ತಲೆಯಾಡಿಸಿದ. ಅವನಿಗೂ ಗೊತ್ತಿತ್ತೇ? ಆ ತಗ್ಗಿದ ತಲೆಯಿಂದ ಏನೂ ತಿಳಿಯುವಂತಿರಲಿಲ್ಲ.

“ಹೋಗ್ಲಿ ಬಿಡಿ ಹಂಗಾದ್ರೆ. ಫಿಟ್ಟರ್ದೂ ತಪ್ಪಲ್ಲ, ಮಡ್‌ಗಾರ್ಡಿಂದೂ ತಪ್ಪಲ್ಲ ಅಂತ ಆಯ್ತು. ಏನೋ ಪೂಜೆ ಗಡಿಬಿಡಿ.” ಗಂಗಾಧರಪ್ಪನವರು ಎದ್ದರು. “ಕಾಂತರಾಜು, ಉಳಿದ ಗಾಡಿಗಳಿಗೂ ಅಳತೆ ತಗೋ.”

ಗಾಳಿಗಿದ್ದಂತೆ ಕಾಂತರಾಜನಿಗೂ ಹಿತ್ತಿಲ ಬಾಗಿಲು ತೆರೆದೇ ಇತ್ತು. ಸುಮ್ಮನೆ ಜಾರಿ ಹೋಗಿಬಿಡಬಹುದಿತ್ತು.

“ಯಜಮಾನ್ರೆ, ಎಲ್ಲಿಗ್ ಹೊಂಟ್ರಿ?” ಪುಟ್ಟಯ್ಯ ಕುರ್ಚಿಯಿಂದ ಏಳಲಿಲ್ಲ. ಪ್ಲಾಸ್ಟರಿನ ಕೈಯನ್ನು ಎಡಗೈಯಿಂದ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. “ನನ್ ಕೈ ಯಾವ್ದು ಅಂತ ಎಲ್ರಿಗೂ ಕಾಣ್ತದೆ. ಆ ಆರತಿ ಕೈ ಯಾರ್ದು? ನಂಗ್ ಹೆಸ್ರು ಬೇಕು.”

ಕಾಂತರಾಜ್ ಹೆಂಡತಿಯನ್ನು ದಾಟಿ ಮುಂದೆ ಬಂದ. ಮೊದಲು ರೂಪೇಶನ ಎದುರು ನಿಂತ, ಆಮೇಲೆ ಪುಟ್ಟಯ್ಯನ ಎದುರು. ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದ.

“ಆ ಕೈ ಕಾಂತರಾಜಂದು.”